ಆರಿಸಿದ ಇದ್ದಿಲು

ವಾಸನೆ ಮೊದಲು ಗೊತ್ತಾದದ್ದು ತಾತನಿಗೋ ತನಗೋ ಎಂಬುದನ್ನು ತೀರ್ಮಾನಿಸಲಾಗದೆ ಸರ್ವಮಂಗಳಾ ಬೆಳಗಿನಿಂದ ಒದ್ದಾಡುತ್ತಿದ್ದಳು. ತನಗೇ ಮೊದಲು ಗೊತ್ತಾಗಿದ್ದರೆ ಓಡಿಹೋಗಿ ಧೂಪಾರತಿಯನ್ನು ಎತ್ತಿಕೊಂಡು ಬರಬಹುದಿತ್ತು, ಕೈ ಜಾರಿತು ಎಂದು ಬಚ್ಚಲಿಗೆ ಸುರಿಯಬಹುದಿತ್ತು, ಏನಾದರೂ ಮಾಡಬಹುದಿತ್ತು. ತಾತನಿಗೆ ಮೊದಲು ಗೊತ್ತಾಗಿದ್ದರೆ ತನ್ನ ತಪ್ಪು ಅಷ್ಟರಮಟ್ಟಿಗೆ ಕಡಿಮೆ. ಆದರೆ ದೇವರಮನೆಯ ಹೊಸ್ತಿಲಲ್ಲಿ ಬಿಲ್ವಪತ್ರೆಯ ತಟ್ಟೆ ಹಿಡಿದು ನಿಂತಿದ್ದ ಅವಳಿಗೆ, ಸಾಂಬ್ರಾಣಿಯ ಪುಡಿ ಇನ್ನೂ ಕೆಂಡದ ಮೇಲೆ ಬೀಳುವ ಮುಂಚೆ, ಮೂಗಿಗಿಂತ ಮೊದಲು ನಾಲಗೆಗೇ ಅದು ತಿಳಿದುಬಿಟ್ಟಿತ್ತು. ಭಾನುವಾರ ಮಧ್ಯಾಹ್ನ ಹಿತ್ತಿಲ ಗೋಡೆಗೆ ಮುಖ ಮಾಡಿ ನಿಂತು ನುಂಗಿದ ಒಂದು ತುಂಡಿನ ಉಪ್ಪು, ಕಾರ, ಕರಕಲು, ಅವುಗಳ ಕೆಳಗೆ ಹೆಸರಿಲ್ಲದ ಒಂದು ಜಿಡ್ಡು, ಎಲ್ಲವೂ ಬಾಯಲ್ಲಿ ಎದ್ದು ಕೂತಿತ್ತು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡಿದ್ದ ತಾತ ಪುಟ್ಟಬಸವಯ್ಯನವರು ಕಣ್ಣು ತೆರೆಯಲಿಲ್ಲ. ಬಲಗೈಯನ್ನು ಮಾತ್ರ ಮೂಗಿನ ಹತ್ತಿರ ತಂದು, ಮತ್ತೆ ತೊಡೆಯ ಮೇಲೆ ಇಳಿಸಿ, "ಶಿವನಂಜವ್ವ, ಏನೋ ಸುಟ್ಟಂಗದಲ್ಲ?" ಅಂದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಗ್ಯಾಸಿನ ಉರಿಯ ಮೇಲೆ ಇಕ್ಕಳದಲ್ಲಿ ಇದ್ದಿಲು ಹಿಡಿದು ಕೆಂಪಗೆ ಮಾಡಿ ಕೊಟ್ಟವಳು ಅವಳೇ. ಪಕ್ಕದ ಬಾಣಲೆಯಲ್ಲಿ ಉಪ್ಪಿಟ್ಟಿನ ಒಗ್ಗರಣೆ ಸಿಡಿಯುತ್ತಿದ್ದುದರಿಂದ ಆಗ ಗೊತ್ತಾಗಿರಲಿಕ್ಕಿಲ್ಲ. ಈಗ ಒಂದೇ ಉಸಿರಿಗೆ ಅವಳ ಮುಖ ಬಿಗಿಯಿತು. ಧೂಪಾರತಿಯನ್ನು ತೋಳುದ್ದ ದೂರ ಹಿಡಿದು ಹಿತ್ತಿಲಿಗೆ ಹೋಗಿ ಇಟ್ಟು ಬಂದು, "ಆ ನರಸೀಪುರದ ಇದ್ದಿಲು ಮಾವ. ಸುಡುಗಾಡಿಂದ ಹೆಕ್ಕಿ ತಂದಿದ್ದೋ ಏನೋ, ಯಾರು ಕಂಡವ್ರು. ಆ ಹುಡುಗಿ ಆರಿಸಿಕೊಟ್ಟಿದ್ದಂತೆ" ಅಂದಳು.

"ಯಾವ ಹುಡುಗಿ?"

"ಮಂಗಳನ ಫ್ರೆಂಡು. ಆ ರೋಜಾ."

'ಆ' ಎಂಬ ಅಕ್ಷರವನ್ನೂ ಅಮ್ಮ ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದಳು ಎನ್ನಿಸಿತು ಸರ್ವಮಂಗಳಾಗೆ. ನಡುಮನೆಯಲ್ಲಿ ಫ್ಯಾಕ್ಟರಿಯ ಶೂ ಕಟ್ಟಿಕೊಳ್ಳುತ್ತಿದ್ದ ಅಣ್ಣ ಬಸವಪ್ರಸಾದ್ ತಲೆ ಎತ್ತದೆ, "ಇದ್ಲಲ್ಲೇ ಏನೋ ಮಿಕ್ಸಾಗಿರ್ಬೇಕು ಬಿಡಮ್ಮ, ಈ ಡಿಪೋದವರನ್ನ ನಂಬಂಗಿಲ್ಲ" ಎಂದ. ಎದ್ದು ನಿಂತು ತಂಗಿಯತ್ತ ಒಂದು ಸಲ ನೋಡಿದ. ಒಳಗಿನಿಂದ ಚಿಲಕ ಸರಿದಂಥ ನೋಟ. ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ತಾತ ಧೂಪವಿಲ್ಲದೆಯೇ ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕರಡಿಗೆಯಲ್ಲಿಡುತ್ತ, "ಧೂಪ ಇಲ್ದಿದ್ರೆ ಶಿವ ಏನೂ ಅನ್ಕೊಳಕಿಲ್ಲ. ನಾನು ಅನ್ಕತೀನಿ, ಅಷ್ಟೇಯ" ಎಂದು ನಕ್ಕರು. ಅವರು ನಗದೆ ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಅವಳು ಬಾಯಿ ಬಿಡುತ್ತಿದ್ದಳೇನೋ. ನಗೆಗೆ ಏನು ಉತ್ತರ ಕೊಡುವುದು?

ಸುಡುಗಾಡು ಎಂಬ ಮಾತನ್ನು ಅಮ್ಮನ ಕೈಗೆ ಕೊಟ್ಟವಳೂ ತಾನೇ. ಶನಿವಾರ ರಾತ್ರಿ ಊಟದ ಹೊತ್ತಿನಲ್ಲಿ, ಎಂದೂ ನಾಲ್ಕು ಜನರ ಮುಂದೆ ಒಂದು ಕಥೆ ಹೇಳಿ ಗೊತ್ತಿಲ್ಲದ ತಾನು, ಅಂದು ಯಾಕೋ ಗೆಲುವಾಗಿ, ಕೈಯಾಡಿಸಿಕೊಂಡು ಹೇಳಿದ್ದಳು. ಪ್ರಸಾದ ಯಾರೋ ಆಫೀಸರ ಮನೆಯಲ್ಲಿ ನೋಡಿಬಂದು, ಹಿತ್ತಿಲಲ್ಲಿ ಇದ್ದಿಲ ಮೇಲೆ ಮುಸುಕಿನ ಜೋಳ, ಬದನೆಕಾಯಿ ಸುಡೋಣ ಎಂದು ಹಠ ಹಿಡಿದಿದ್ದ. ಸೌದೆಯಾದರೆ ಹೊಗೆ, ನಂಜನಗೂಡಿನಲ್ಲಿ ಸಿಗುವುದು ಇಸ್ತ್ರಿ ಪೆಟ್ಟಿಗೆಗೆ ಹಾಕುವ ಪುಡಿಪುಡಿ ಇದ್ದಿಲು, ತನಗೆ ಬೇಕಾದದ್ದು ಮುಷ್ಟಿಗಾತ್ರದ ಗಟ್ಟಿ ಇದ್ದಿಲು ಎಂದ. ಅಮ್ಮ ಒಪ್ಪಿ, "ಉಳಿದಿದ್ದು ಬಿಸಾಕ್ಬೇಡಿ, ಧೂಪಕ್ಕಾಗುತ್ತೆ" ಎಂದಿದ್ದಳು. ಡಿಗ್ರಿ ಮುಗಿಸಿ, ಗಂಡು ನೋಡುವವರೆಗೆ ಎಂದು ಮನೆಯಲ್ಲಿ ಕೂತಿದ್ದ ಸರ್ವಮಂಗಳಾಗೆ ನರಸೀಪುರಕ್ಕೆ ಹೋಗಲು ಒಂದು ನೆಪ ಸಿಕ್ಕಿತ್ತು. ಕಾಲೇಜಿನ ಮೂರು ವರ್ಷವೂ ಅವಳ ಪಕ್ಕದಲ್ಲಿ ಕೂತವಳು ರೋಜಾ ಒಬ್ಬಳೇ. ಈಗ ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ದಿನವೂ ನರಸೀಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವಳಿಲ್ಲದಿದ್ದರೆ ತನ್ನನ್ನು 'ನೀನು' ಎಂದು ಕರೆಯುವವರು ಮನೆಯವರ ಹೊರತು ಯಾರೂ ಇಲ್ಲ ಎಂಬುದು ಆಗಾಗ ಹೊಳೆದು ಅವಳು ಗಾಬರಿಯಾಗುತ್ತಿದ್ದಳು.

ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಡಿಪೋದಲ್ಲಿ ಕೆಂಪಯ್ಯ ಎನ್ನುವವನು ಇದ್ದಿಲ ರಾಶಿಯ ಪಕ್ಕ ಬೀಡಿ ಹಚ್ಚಿ ಕೂತಿದ್ದ. ಬೀಡಿಯ ಕಿಡಿಗೂ ರಾಶಿಗೂ ನಡುವೆ ಒಂದು ಮೊಳವಿರಲಿಲ್ಲ. ಸರ್ವಮಂಗಳಾ ಹೊಳೆಯುವ, ದೊಡ್ಡ, ಅಂಚು ಚೂಪಾದ ತುಂಡುಗಳನ್ನು ಒಂದೊಂದಾಗಿ ಎತ್ತಿ ಬದಿಗಿಡುತ್ತಿದ್ದಳು. ರೋಜಾ ಸೊಂಟದ ಮೇಲೆ ಕೈಯಿಟ್ಟು ನೋಡಿ ನೋಡಿ ಸಾಕಾಗಿ ನಕ್ಕಳು. "ಇದೇನೇ ಇದು, ಧಾರೆ ಸೀರೆ ಆರಿಸ್ದಂಗೆ ಆರಿಸ್ತಿದೀಯ? ಬಣ್ಣ ನೋಡಿ ತಗೋಳಕ್ಕೆ ಇದ್ಲಲ್ಲಿ ಇನ್ನೇನ್ ಬಣ್ಣ ಅದೆ?" ಎಂದು, ಅವಳ ಕೈಯ ತುಂಡನ್ನು ಕಿತ್ತುಕೊಂಡು ಮುರಿದಳು. ಒಳಗೆ ಕಂದು. "ನೋಡು, ಹೊರಗ್ ಕಪ್ಪು, ಒಳಗಿನ್ನೂ ಸೌದೆ. ಹಚ್ಚಿದ್ರೆ ಬರೀ ಹೊಗೆ. ನಮ್ಮಪ್ಪ ಇಂಥವನ್ನ ಮೇಷ್ಟ್ರಿದ್ಲು ಅಂತದೆ." ಆಮೇಲೆ ಎರಡು ಹಗುರ ತುಂಡುಗಳನ್ನು ಸರ್ವಮಂಗಳಾಳ ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿದಳು. ಟಿಣ್ ಎಂದಿತು. ಬಳೆಗೆ ಬಳೆ ತಾಗಿದಂತೆ. ಸುಟ್ಟು ಕರಕಲಾದ ಮರದೊಳಗೆ ಅಂಥ ಸ್ವರವಿರಬಹುದೆಂದು ಅವಳು ಎಣಿಸಿರಲಿಲ್ಲ. "ಇನ್ನೊಂದ್ಸಲ" ಎಂದಳು. ರೋಜಾ ಇನ್ನೊಂದು ಸಲ ಬಡಿದಳು. ಕೆಂಪಯ್ಯ ಬೀಡಿ ತೆಗೆದು, "ಯಾಕವ್ವ ಅಷ್ಟೊಂದ್ ಪರೀಕ್ಷೆ? ಎದ್ರುಕೋಬ್ಯಾಡಿ, ಸಂಗಮದ್ ಸುಡುಗಾಡಿಂದಲ್ಲ ಇದು. ಅಲ್ಲಿ ಸುಟ್ಟೋರು ಯಾರೂವೆ ಇದ್ಲಾಗಕಿಲ್ಲ, ಬೂದಿಯಾಯ್ತರೆ" ಅಂದ. "ನಿನ್ ಬಾಯ್ಗಿಷ್ಟು ಇದ್ಲಾಕ" ಎಂದಳು ರೋಜಾ. ಮೂವರೂ ನಕ್ಕರು. ಆ ನಗುವನ್ನೇ ಸರ್ವಮಂಗಳಾ ಶನಿವಾರ ರಾತ್ರಿ ಊಟದ ಎಲೆಯ ಮುಂದೆ ಬಡಿಸಿದ್ದಳು. ಅಮ್ಮನೂ ನಕ್ಕಿದ್ದಳಲ್ಲ? ನಕ್ಕಿದ್ದಳು. ನಗುತ್ತಲೇ ಎತ್ತಿಟ್ಟುಕೊಂಡಿದ್ದಳು.

ಈಗ ಹಿತ್ತಿಲಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಮ್ಮ ಭಾನುವಾರ ಸಂಜೆಯೇ ಒದ್ದೆ ಇದ್ದಿಲನ್ನು ಕಂಡು, "ಅಯ್ಯೋ, ಇಷ್ಟೊಂದು ನೀರು ಯಾಕ್ ಸುರಿದ್ರಿ" ಎಂದು ಗೊಣಗಿ, ಸ್ವಲ್ಪವನ್ನು ಹಂಡೆ ಒಲೆಯ ದಂಡೆಯ ಮೇಲಿಟ್ಟು ಬೆಳಗಿನ ಹೊತ್ತಿಗೆ ಒಣಗಿಸಿಕೊಂಡಿದ್ದಳು. ಉಳಿದದ್ದನ್ನು ಗೋಣಿತಾಟಿನ ಮೇಲೆ ಆರಹಾಕಿದ್ದಳು. ಪಕ್ಕದಲ್ಲಿ, ಇನ್ನೂ ಬೆಂಕಿ ಕಾಣದ ಅರ್ಧ ಮೂಟೆ ಗೋಡೆಗೆ ಒರಗಿತ್ತು. "ಎರಡನ್ನೂ ಸೇರಿಸಿ ಒಂದೇ ಮೂಟೆಗೆ ತುಂಬು. ಸಾಯಂಕಾಲ ಅವಳು ಕೊಡೆಗೆ ಬರ್ತಾಳಲ್ಲ, ಅವಳ ಕೈಲೇ ಕಳಿಸಿಬಿಡೋಣ" ಎಂದು ಹೇಳಿ ಅಮ್ಮ ಮಲಗಲು ಹೋಗಿದ್ದಳು. ರೋಜಾ ಭಾನುವಾರ ಮರೆತುಹೋದ ಕೊಡೆ ಪಡಸಾಲೆಯ ಮೊಳೆಗೆ ನೇತುಬಿದ್ದಿತ್ತು. ಸರ್ವಮಂಗಳಾ ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತುಂಡುಗಳನ್ನು ಮೂಸಿದಳು. ಕೆಲವಕ್ಕೆ ಏನೂ ಇರಲಿಲ್ಲ, ಕೆಲವಕ್ಕೆ ಇತ್ತು, ಕೆಲವಕ್ಕೆ ಇದೆಯೋ ಅಥವಾ ತನ್ನ ಬೆರಳಿಗೆ ಇದೆಯೋ ತಿಳಿಯಲಿಲ್ಲ. ಬೆರಳನ್ನು ಮೂಸಿಕೊಂಡಳು. ಭಾನುವಾರದಿಂದ ಆರು ಸಲವಾದರೂ ಸೋಪು ಹಾಕಿ ತೊಳೆದ ಬೆರಳು.

ಭಾನುವಾರ ತಾತ, ಅಪ್ಪ, ಅಮ್ಮ ಹುಲ್ಲಹಳ್ಳಿಗೆ ಗೃಹಪ್ರವೇಶಕ್ಕೆ ಹೋದ ಮೇಲೆ ಪ್ರಸಾದನ ಗೆಳೆಯ ಮದನ್ ಒಂದು ಕಪ್ಪು ಕವರು ಹಿಡಿದು ಬಂದ. ಆಗಲೇ ಎರಡು ಇಟ್ಟಿಗೆಯ ನಡುವೆ ಕೆಂಡವಾಗಿತ್ತು, ಮೇಲೆ ಜಾಲರಿ ಬೇಕೆಂದು ಪ್ರಸಾದ ಫ್ರಿಜ್ಜಿನಿಂದ ಒಂದು ಕಂಬಿತಟ್ಟೆಯನ್ನೇ ಕಳಚಿ ತಂದಿದ್ದ. ಸರ್ವಮಂಗಳಾ ಕರೆದಿದ್ದ ರೋಜಾಳೂ ಸೇರಿ ಮೊದಲು ಜೋಳ ಸುಟ್ಟರು. ಆಮೇಲೆ ಕವರು ಬಿಚ್ಚಿದರು. ಕೊಬ್ಬು ತೊಟ್ಟಿಕ್ಕಿದಾಗಲೆಲ್ಲ ಕೆಂಡ ನಾಲಗೆ ಚಾಚಿದ ಹಾಗೆ ಭುಗ್ಗೆನ್ನುತ್ತಿತ್ತು. ಪ್ರಸಾದ ಒಂದು ತುಂಡನ್ನು ಊದಿ ಊದಿ ತಂಗಿಯ ಮುಂದೆ ಹಿಡಿದು, "ತಿನ್ನೇ ಪುಕ್ಕಲಿ, ಒಂದ್ಸಲ. ಶಿವ ಮೂರನೇ ಕಣ್ಣೇನ್ ಬಿಡಲ್ಲ" ಎಂದ. ಅವಳು ಬೇಡ ಎನ್ನಬಹುದಿತ್ತು. ಬೇಡ ಎನ್ನುವುದಕ್ಕೂ ಬಾಯಿ ತೆರೆಯಬೇಕಾಗಿತ್ತು, ತೆರೆದ ಬಾಯಿಗೆ ತುಂಡು ಬಂದು ಬಿದ್ದಿತು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಆದರೆ ಅವಳು ಅದನ್ನು ಕೈಯಲ್ಲಿ ಇಸಿದುಕೊಂಡು, ಗೋಡೆಯ ಹತ್ತಿರ ಹೋಗಿ, ತಿರುಗಿ ನಿಂತು ತಿಂದಳು. ರುಚಿಯಾಗಿತ್ತು. ಯಾರ ಹತ್ತಿರವೂ ಹೇಳಲಾಗದ್ದು ಈ 'ರುಚಿಯಾಗಿತ್ತು' ಎಂಬ ಮಾತೇ. ಮದನ್ ರೋಜಾಗೂ ಒಂದು ತುಂಡು ಚಾಚಿದ. ಅವಳು ನಿಂಬೆಹಣ್ಣು, ಕಾರ ಉಜ್ಜಿದ ಜೋಳದ ತೆನೆಯನ್ನು ತೋರಿಸಿ, "ನನಗಿದೇ ಸಾಕು" ಎಂದಳು.

"ಯಾಕ್ರೀ, ನೀವ್ ತಿನ್ನಲ್ವಾ?" ಎಂದ ಮದನ್, 'ನೀವ್' ಎಂಬುದನ್ನು ಒಂದು ಚೂರು ಎಳೆದು.

"ನಮ್ಮನೇಲಿ ಬೇಕಾದಂಗೆ ತಿಂತೀನಿ. ಈ ಮನೇಲಿ ನಾನು ತಿಂದ್ರೆ ನನ್ ತಲೆ ಮೇಲೆ ಬತ್ತದೆ" ಎಂದು ಅವಳು ನಕ್ಕಳು. ಎಲ್ಲರೂ ನಕ್ಕರು. ಆಗಲೇ ಮುಂದಿನ ಗೇಟು ಕಿರ್ರೆಂದಿತು. ಪ್ರಸಾದ ಬೆವೆತು, "ಆರಿಸೇ, ಆರಿಸೇ ಬೇಗ" ಎಂದು ಕೂಗಿದ್ದೇ ತಡ ಸರ್ವಮಂಗಳಾ ಒಂದು ಬಕೆಟ್ಟು ನೀರನ್ನು ಕೆಂಡದ ಮೇಲೆ ಎತ್ತಿ ಹುಯ್ದಳು. ಹಾವಿನ ಬುಟ್ಟಿ ತೆರೆದಂತೆ ಬುಸ್ಸೆಂದು ಹಬೆ ಎದ್ದು ನಾಲ್ವರ ಮುಖವನ್ನೂ ಮುಚ್ಚಿತು. ಬಂದವಳು ಕೊತ್ತಂಬರಿ ಮಾರುವವಳು. ಹಬೆ ಇಳಿದಾಗ ರೋಜಾ ಮಾತ್ರ ನಗುತ್ತಿರಲಿಲ್ಲ. ತೆನೆಯ ದಂಟನ್ನು ಗೊಬ್ಬರದ ಗುಂಡಿಗೆಸೆದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಿದ್ದಳು, ಕೊಡೆ ಮರೆತು.

ಕಂಬಿತಟ್ಟೆಯನ್ನು ಸರ್ವಮಂಗಳಾ ಹುಣಸೆಹಣ್ಣು ಹಾಕಿ ತಿಕ್ಕಿ ಫ್ರಿಜ್ಜಿಗೆ ಸೇರಿಸಿದ್ದಳು. ಇವತ್ತು ತಾತ ಅದರ ಮೇಲಿಟ್ಟಿದ್ದ ಮೊಸರು ಕಲಸಿಕೊಂಡು ಊಟ ಮಾಡಿದ್ದರು. ಅವಳು ಬಡಿಸಿದ್ದಳು. ಹೇಳುವ ವಾಕ್ಯವನ್ನು ಅವಳು ಬೆಳಗಿನಿಂದ ಕೂಡಿಸುತ್ತಿದ್ದಳು, ಪ್ರತಿ ಸಲವೂ ಅದು 'ಅಮ್ಮ' ಎಂಬಲ್ಲಿಗೆ ನಿಂತುಹೋಗುತ್ತಿತ್ತು. ಪ್ರಸಾದನ ಹೆಸರು ಹೇಳಿದರೆ ಚಾಡಿ. ತನ್ನ ಹೆಸರು ಹೇಳಿದರೆ ಗಂಡು ನೋಡುವವರೆಗೂ ಈ ಹಿತ್ತಿಲು, ಈ ಮುಖ, ಈ ವಾಸನೆ. ಯಾರ ಹೆಸರನ್ನೂ ಹೇಳದಿದ್ದರೆ ರೋಜಾಳ ಹೆಸರು ಆಗಲೇ ಹೇಳಿ ಆಗಿತ್ತು. ಕೊನೆಗೆ ಅವಳು ಮಾಡಿದ್ದು ಇಷ್ಟು: ಅಮ್ಮ ಹೇಳಿದಂತೆ ಎರಡನ್ನೂ ಬೆರೆಸಲಿಲ್ಲ. ಬೆಂದದ್ದನ್ನೆಲ್ಲ ಒಂದು ಒಡಕು ಬಕೆಟ್ಟಿಗೆ ತುಂಬಿ ಸೌದೆ ಗೂಡಿನಲ್ಲಿಟ್ಟಳು. ಮೂಟೆಯನ್ನು ಮುಟ್ಟಲಿಲ್ಲ. ಇದೂ ಒಂದು ಕೆಲಸವೇ, ಇದರಿಂದ ಯಾರಿಗೆ ಏನಾಯಿತು ಎಂದು ಕೇಳಿಕೊಂಡು ಕೈ ತೊಳೆಯಲು ಎದ್ದಳು, ತೊಳೆಯಲಿಲ್ಲ.

ರೋಜಾ ಬಂದಾಗ ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು. ಸ್ಪೆಷಲ್ ಕ್ಲಾಸು ಮುಗಿಸಿ, ಚಾಕ್‌ಪೀಸಿನ ಬಿಳಿ ಅಂಟಿದ ಸೀರೆಯಲ್ಲಿ, ಬಿಸಿಲಿಗೆ ಕಂದಿ ಬಂದವಳನ್ನು ಅಮ್ಮ ಗೇಟಿನಲ್ಲೇ ಎದುರುಗೊಂಡಳು. ಅಮ್ಮನ ದನಿ ಎಂದಿಗಿಂತ ಮೆತ್ತಗಿತ್ತು. "ಬಾಮ್ಮ, ಚೆನ್ನಾಗಿದೀಯಾ? ನಿಮ್ಮಮ್ಮ ಚೆನ್ನಾಗಿದ್ದಾರಾ? ನೋಡಮ್ಮ, ಈ ಇದ್ದಿಲು ನಮಗೆ ಆಗಿಬರಲಿಲ್ಲ. ಪೂಜೆ ಮನೆ, ವಾಸನೆ ತಡೆಯಲ್ಲ. ನಿಮ್ಮನೇಲಾದ್ರೆ ಉಪಯೋಗಕ್ಕೆ ಬರುತ್ತೆ, ತಗೊಂಡು ಹೋಗು." ಗೇಟಿನ ಒಳಗೆ, ಮೆಟ್ಟಿಲ ಪಕ್ಕ, ಮೂಟೆಯನ್ನು ಅಮ್ಮ ಆಗಲೇ ತಂದಿಟ್ಟಿದ್ದಳು.

ರೋಜಾ ಮೂಟೆಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗೆಳತಿಯನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಿರಲಿಲ್ಲವೇ ಎಂಬುದೂ ಇರಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿರುವ ಮಗು ಎದ್ದು ನಿಂತು ಹೇಳುತ್ತದೋ ಇಲ್ಲವೋ ಎಂದು ಕಾಯುವ ಟೀಚರಿನ ನೋಟ, ಅಷ್ಟೆ. ಸರ್ವಮಂಗಳಾ ಹೊಸ್ತಿಲು ದಾಟಿ ಬಂದಳು. ತನ್ನ ದನಿಯೇ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು.

"ಅಮ್ಮ, ಭಾನುವಾರ ಕೋಳಿ ತಿಂದೋಳು ನಾನು. ರೋಜಾ ತಿನ್ಲಿಲ್ಲ."

ಪಕ್ಕದ ಮನೆಯ ರೇಡಿಯೊದಲ್ಲಿ ಯಾರೋ ಕೃಷಿಯ ಬಗ್ಗೆ ಹೇಳುತ್ತಿದ್ದರು. ಅಮ್ಮನ ಮುಖದ ಮೇಲೆ ಮೊದಲು ಏನೋ ಹಾದುಹೋಯಿತು. ಅಮ್ಮನಿಗೆ ಬೆಳಗ್ಗೆಯೇ, ಗ್ಯಾಸಿನ ಮುಂದೆಯೇ, ಗೊತ್ತಿತ್ತು ಎಂದು ಸರ್ವಮಂಗಳಾಗೆ ಆಗ ಖಚಿತವಾಯಿತು. ಮರುಕ್ಷಣವೇ ಅಮ್ಮ ನಕ್ಕಳು, ರೋಜಾಳ ಕಡೆ ತಿರುಗಿ, ಮಮತೆಯಿಂದಲೇ ಎಂಬಂತೆ. "ನೋಡಮ್ಮ ನಿನ್ ಫ್ರೆಂಡನ್ನ. ನಿನ್ನ ಉಳಿಸಕ್ಕೆ ಏನೇನ್ ಸುಳ್ಳು ಹೇಳ್ತಾಳೆ! ಮೊಟ್ಟೆ ಕಂಡ್ರೆ ಓಕರಿಸೋಳು. ಹೋಗ್ಲಿ ಬಿಡಮ್ಮ, ನಾನೇನ್ ಕೇಳ್ದ್ನಾ ಯಾರು ತಿಂದ್ರು ಅಂತ? ನಿಮ್ಮ ಪದ್ಧತಿ ನಿಮಗೆ."

ಸರ್ವಮಂಗಳಾ ತನ್ನ ಮಾತು ತನ್ನ ಕಣ್ಣೆದುರೇ ತಿರುವಿಹಾಕಿದ ಅಂಗಿಯಂತೆ ಒಳಹೊರಗಾದದ್ದನ್ನು ನೋಡುತ್ತ ನಿಂತಳು. ಹೇಳದಿದ್ದಾಗ ಇದ್ದಿಲ ಮೇಲಿದ್ದ ಆರೋಪ, ಹೇಳಿದ ಮೇಲೆ ರೋಜಾಳ ಬಾಯಿಗೇ ಬಂದಿತ್ತು. ರೋಜಾ ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡಳು. "ಮೂಟೆ ಇಲ್ಲೇ ಇರ್ಲಿ ಆಂಟಿ. ನಮ್ಮನೇಲಿ ದೇವರ ಪಟ ಇಲ್ದಿದ್ರೂ ಬುದ್ಧನ ಪಟ ಅದೆ. ನಾವೂ ಊದುಬತ್ತಿ ಹಚ್ತೀವಿ" ಎಂದು ಹೇಳಿ, ಗೇಟು ಎಳೆದುಕೊಂಡು, ಚಿಲಕವನ್ನೂ ಹಾಕಿ, ಹೋದಳು. ಅವಳು ಹಿಂತಿರುಗಿ ನೋಡುತ್ತಾಳೆಂದು ಸರ್ವಮಂಗಳಾ ಬೀದಿಯ ತಿರುವಿನವರೆಗೂ ಅವಳ ಬೆನ್ನನ್ನೇ ನೋಡುತ್ತ ಕಾದಳು.

"ಮಂಗಳಾ, ಕೆಂಡ ತಾವ್ವ" ಎಂದು ದೇವರಮನೆಯಿಂದ ತಾತ ಕರೆದರು.

ಅವಳು ಮೆಟ್ಟಿಲಿಳಿದು ಮೂಟೆಯ ಬಾಯಿ ಬಿಚ್ಚಿದಳು. ಅಮ್ಮ, "ಏ, ಅದ್ಯಾಕೆ? ಊದುಬತ್ತಿ ಹಚ್ಚು ಸಾಕು" ಎಂದಳು. ಅವಳು ಕೇಳಿಸಿಕೊಳ್ಳಲಿಲ್ಲ. ಒಂದು ತುಂಡು ತೆಗೆದು ಇನ್ನೊಂದಕ್ಕೆ ಬಡಿದಳು. ಮೊದಲನೆಯದು ಮಂಕಾಗಿ ಟಕ್ಕೆಂದಿತು, ಕೆಳಗಿಟ್ಟಳು. ಎರಡನೆಯದು ಟಿಣ್ ಎಂದಿತು. ಅಂಥ ನಾಲ್ಕನ್ನು ಆರಿಸಿಕೊಂಡು ಒಳಗೆ ಹೋಗಿ ಗ್ಯಾಸಿನ ಮೇಲೆ ಹಿಡಿದಳು. ಇಕ್ಕಳವನ್ನು ತಿರುಗಿಸಿ ತಿರುಗಿಸಿ ಉರಿಗೆ ಕೊಟ್ಟಳು. ಹೊಗೆ ಬರಲಿಲ್ಲ, ವಾಸನೆ ಬರಲಿಲ್ಲ. ಕಪ್ಪಿನ ಒಳಗಿನಿಂದ ಕೆಂಪು ನಿಧಾನಕ್ಕೆ ಮೇಲೆದ್ದು ತುದಿಯಲ್ಲಿ ಬೂದಿಯ ಬಿಳಿ ಕಂಡಿತು. ಧೂಪಾರತಿಯಲ್ಲಿಟ್ಟು ತಾತನ ಮುಂದೆ ಹಿಡಿದಳು. ಅವರು ಕಣ್ಣು ಮುಚ್ಚಿಕೊಂಡೇ, ಬೆಳಗಿನ ನೆನಪಿನಿಂದ, ಮೊದಲು ಒಂದು ಉಸಿರೆಳೆದು ನೋಡಿದರು. ಆಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಿದರು. ದೇವರಮನೆಯ ಕತ್ತಲಲ್ಲಿ ಘಮ ಸುರುಳಿ ಬಿಚ್ಚಿತು.

"ಆಹಾ. ಇದು ಇದ್ಲು ಅಂದ್ರೆ. ಯಾರವ್ವ ಆರಿಸಿದ್ದು?"

ಅಮ್ಮ ಹಿಂದೆಯೇ ಬಂದು ನಿಂತಿದ್ದಳು. "ಇನ್ಯಾರು ಮಾವ, ನಮ್ಮ ಮಂಗಳಾನೇ" ಎಂದಳು.

ಅಷ್ಟು ಸಲೀಸಾಗಿ ಬಂತು ಆ ಮಾತು. ಬೆಳಗ್ಗೆ ಆ ರೋಜಾ, ಸಂಜೆ ನಮ್ಮ ಮಂಗಳಾ. ಸುಮ್ಮನಿದ್ದರೆ ಸಾಕು, ಎಲ್ಲವೂ ಮುಗಿಯುತ್ತದೆ. ಘಮ ತನ್ನದು, ನಾತ ಅವಳದು. ಇಷ್ಟು ದಿನ ಈ ಮನೆಯಲ್ಲಿ ತಾನು ಒಳ್ಳೆಯವಳಾಗಿದ್ದದ್ದೆಲ್ಲ ಹೀಗೆಯೇ ಇರಬಹುದೇ ಎಂದುಕೊಂಡಳು. ತಾತನ ಮುಚ್ಚಿದ ರೆಪ್ಪೆಯನ್ನೇ ನೋಡುತ್ತ ಹೇಳಿದಳು.

"ಅಲ್ಲ ತಾತ. ಇದು ರೋಜಾ ಆರಿಸಿದ್ದು. ಬೆಳಗಿಂದು ನಾನು ಆರಿಸಿದ್ದು. ಭಾನುವಾರ, ನೀರು ಹುಯ್ದು, ಕೋಳಿ ಸುಟ್ಟಾದ್ಮೇಲೆ. ನಾನೂ ತಿಂದೆ."

ತಾತ ಕಣ್ಣು ತೆರೆದರು. ಅಂಗೈಯ ಲಿಂಗ ಅಲುಗಲಿಲ್ಲ. ಅಮ್ಮ, "ಪೂಜೆ ಹೊತ್ನಲ್ಲಿ ಏನೇ ಅದು" ಎನ್ನುತ್ತ ಮುಂದೆ ಬಂದವಳು ಅಲ್ಲೇ ನಿಂತಳು. ತಾತ ಮೊಮ್ಮಗಳ ಕಪ್ಪು ಕೈಯನ್ನು ನೋಡಿದರು, ಅವಳ ಬೆನ್ನ ಹಿಂದೆ ಪಡಸಾಲೆಯ ಮೊಳೆಯನ್ನು ನೋಡಿದರು.

"ಆ ಕೊಡೆ ಯಾರ್ದು?"

"ರೋಜಾದು."

"ಕೊಟ್ಬುಟ್ಟು ಬಾ. ಆಮ್ಯಾಕೆ ಮಾತಾಡನ" ಎಂದು ಅವರು ಮತ್ತೆ ಕಣ್ಣು ಮುಚ್ಚಿದರು. ಅದು ಕ್ಷಮೆಯೋ ವಾಯಿದೆಯೋ ಅವಳಿಗೆ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಇಂಜಿನ್ ಹಚ್ಚಿಕೊಂಡು ನಿಂತಿತ್ತು. ರೋಜಾ ಕಿಟಕಿಯ ಪಕ್ಕ ಕೂತಿದ್ದಳು. ಸರ್ವಮಂಗಳಾ ಏದುಸಿರು ಬಿಡುತ್ತ ಕೊಡೆಯನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿದಳು. ಹಿಡಿಯ ಮೇಲೆಲ್ಲ ಇದ್ದಿಲ ಬೆರಳಚ್ಚು.

"ಹೇಳ್ದೆ ಕಣೇ. ತಾತನಿಗೆ."

"ನಂಬಿದ್ರಾ?"

"ಗೊತ್ತಿಲ್ಲ."

ರೋಜಾ ಕೊಡೆಯ ಹಿಡಿಯನ್ನು ತಿರುಗಿಸಿ ನೋಡಿದಳು, ಒರೆಸಲಿಲ್ಲ. ಕಂಡಕ್ಟರು ಸೀಟಿ ಊದಿದ. "ನಿಮ್ಮನೆಗೆ ನಾನಿನ್ನು ಬರಲ್ಲ ಮಂಗಳಾ" ಎಂದಳು. ಬಸ್ಸು ಒಮ್ಮೆ ಹಿಂದಕ್ಕೆ ಜಗ್ಗಿ ಮುಂದಕ್ಕೆ ಸರಿಯಿತು. ಸರ್ವಮಂಗಳಾ ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು. ಧೂಳಿನಲ್ಲಿ ರೋಜಾಳ ಮುಖ ಕಿಟಕಿಯ ಸರಳಿಗೆ ಒತ್ತಿಕೊಂಡಿತು.

"ನೀನು ಬಾ."